ಹಂಸತೂಲಿಕೆಯೂ ಹಿಮಾಲಯದ ಹಾದಿಯೂ

ವೈಶಾಖ ಮಾಸವು ಸಮೀಪಿಸಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗೃಹಸ್ಥರ ಮನೆಗಳಲ್ಲಿ ಕೇದಾರ-ಬದರಿಗಳ ಮಾತು ಏಳುವುದು ಈಗ ವಾಡಿಕೆಯಾಗಿದೆ. ಕೊಬ್ಬರಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಯಾತ್ರೆಗೆಂದು ಎತ್ತಿಡುವ ಹಿರಿಯರು ನಮ್ಮ ಅರಳಗುಪ್ಪೆಯಲ್ಲಿಯೂ ಇದ್ದಾರೆ. ಅವಲಕ್ಕಿ, ಚಟ್ನಿಪುಡಿ, ಔಷಧ, ಊರುಗೋಲು ಇವುಗಳ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಚರ್ಚೆಯು ಹುಟ್ಟುವುದು ಚಳಿಯ ಉಡುಪಿನ ವಿಷಯದಲ್ಲಿ. ಬೆಂಗಳೂರಿನಲ್ಲಿರುವ ಮಗನು ‘ಡೌನ್ ವೆಸ್ಟ್’ ಎಂಬ ತೋಳಿಲ್ಲದ ಅಂಗಿಯನ್ನು ಕೊಳ್ಳಬೇಕೆನ್ನುತ್ತಾನೆ. ಮನೆಯಲ್ಲಿ ಕಂಬಳಿಯಿರುವಾಗ ಅದೇತಕ್ಕೆ ಎಂದು ಅಜ್ಜಿಯು ಕೇಳುತ್ತಾಳೆ. ಇಬ್ಬರ ಮಾತಿನಲ್ಲಿಯೂ ನಿಜಾಂಶವುಂಟು. ಎಲ್ಲಿ ಯಾರ ಮಾತು ಸಲ್ಲುವುದೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ. ಅರುವತ್ತು ದಾಟಿದವರು ಹಿಮಾಲಯದ ಹಾದಿಯಲ್ಲಿ ನಡೆಯುವಾಗ ಈ ವಿವೇಚನೆಯು ಕೇವಲ ಸುಖದ ಮಾತಲ್ಲ, ಪ್ರಾಣದ ಮಾತು.

ಈ ಅಂಗಿ ಎಂತಹುದು?

ಕತ್ತಿನಿಂದ ಸೊಂಟದವರೆಗೆ ಬರುವ, ತೋಳುಗಳಿಲ್ಲದ, ಮುಂದೆ ಜಿಪ್ಪು ಇರುವ ಒಂದು ವೇಸ್ಟ್‌ಕೋಟನ್ನು ವಾಚಕರು ಊಹಿಸಿಕೊಳ್ಳಲಿ. ಎರಡು ತೆಳುವಾದ ನೈಲಾನ್ ಬಟ್ಟೆಗಳ ನಡುವೆ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ತುಪ್ಪಳವನ್ನು ತುಂಬಿ, ಅದು ಒಂದೇ ಕಡೆಗೆ ಜಾರದಂತೆ ಅಡ್ಡಡ್ಡಲಾಗಿ ಹೊಲಿಗೆ ಹಾಕಿರುತ್ತಾರೆ. ನಮ್ಮ ತೆಂಗಿನ ಸೀಮೆಯಲ್ಲಿ ಗರಿ ಎಂದೊಡನೆ ನಡುವೆ ಕಡ್ಡಿಯುಳ್ಳ ತೆಂಗಿನ ಗರಿಯೇ ಕಣ್ಣಿಗೆ ಬರುವುದು. ಹಕ್ಕಿಯ ಹೊರಗರಿಯೂ ಹಾಗೆಯೇ, ಕಡ್ಡಿಯುಳ್ಳದ್ದು. ತುಪ್ಪಳಕ್ಕಾದರೋ ಕಡ್ಡಿಯಿಲ್ಲ. ಎಕ್ಕದ ಕಾಯಿ ಒಡೆದಾಗ ಹಾರುವ ಬಿಳಿಯ ಎಳೆಗಳಂತೆ, ಒಂದು ಬಿಂದುವಿನಿಂದ ನಾನಾ ದಿಕ್ಕಿಗೆ ಹರಡಿದ ನವುರಾದ ಕೇಸರಗಳ ಗುಚ್ಛವದು.

ವಸ್ತುವು ಅಂಗಡಿಗೆ ಹೊಸದಾದರೂ ಕಲ್ಪನೆಯು ನಮಗೆ ಹೊಸದಲ್ಲ. ಯಕ್ಷಗಾನ ಬಯಲಾಟಗಳನ್ನು ನೋಡಿದವರೂ ಪುರಾಣಶ್ರವಣ ಮಾಡಿದವರೂ ‘ಹಂಸತೂಲಿಕಾತಲ್ಪ’ವೆಂಬ ಮಾತನ್ನು ಕೇಳಿಯೇ ಇರುವರು. ಹಂಸದ ತುಪ್ಪಳ ತುಂಬಿದ ಹಾಸಿಗೆ ಎಂದು ಅದರ ಅರ್ಥ. ಪುರಾಣದಲ್ಲಿ ಅರಸರು ಮಲಗುತ್ತಿದ್ದ ಹಾಸಿಗೆಯು ಈಗ ತೋಳಿಲ್ಲದ ಅಂಗಿಯಾಗಿ ಕಾಲು ಕಿಲೋದ ಆಸುಪಾಸಿನ ತೂಕದಲ್ಲಿ ಸಾಮಾನ್ಯ ಗೃಹಸ್ಥನ ಕೈಗೆ ಬಂದಿದೆ.

ಉಣ್ಣೆಯ ಗೌರವವೂ ಪ್ರಾಚೀನವಾದುದೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ರಾಜಕೋಶಕ್ಕೆ ಸೇರತಕ್ಕ ಮುತ್ತು ರತ್ನಗಳನ್ನು ಪರೀಕ್ಷಿಸುವ ಅಧ್ಯಾಯದಲ್ಲಿಯೇ ಕಂಬಳಿಗಳ ಪರೀಕ್ಷೆಯೂ ಬಂದಿದೆ. ಮಳೆಯನ್ನು ತಡೆಯುವ ನೇಪಾಳದ ಕರಿಯ ಕಂಬಳಿಯನ್ನು ಅಲ್ಲಿ ಪ್ರತ್ಯೇಕವಾಗಿ ಹೆಸರಿಸಿದೆ. ಚಳಿಯ ಉಡುಪನ್ನು ರತ್ನದಷ್ಟೇ ಎಚ್ಚರದಿಂದ ಪರೀಕ್ಷಿಸಿ ಕೊಳ್ಳಬೇಕೆಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

ಬಿಸಿಯು ಬಟ್ಟೆಯದಲ್ಲ, ಮೈಯದು

‘ಈ ಅಂಗಿ ಎಷ್ಟು ಬಿಸಿ ಕೊಡುತ್ತದೆ?’ ಎಂದು ಅಂಗಡಿಯಲ್ಲಿ ಕೇಳುವವರೇ ಹೆಚ್ಚು. ಯಾವ ಬಟ್ಟೆಯೂ ತಾನಾಗಿ ಬಿಸಿಯನ್ನು ಕೊಡಲಾರದು. ಸುಮ್ಮನೆ ಕುಳಿತಿರುವ ಮನುಷ್ಯನ ದೇಹವು ಸುಮಾರು ನೂರು ವಾಟ್ ದೀಪವು ಸೂಸುವಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಕಡಿದಾದ ಏರು ಹತ್ತುವಾಗ ಅದು ನಾಲ್ಕೈದು ಪಟ್ಟಾಗುತ್ತದೆ. ಆ ಶಾಖವು ಹೊರಕ್ಕೆ ಸೋರಿಹೋಗದಂತೆ ಹಿಡಿದಿಡುವುದಷ್ಟೇ ಬಟ್ಟೆಯ ಕೆಲಸ. ಹಿಡಿದಿಡುವುದು ನೂಲೂ ಅಲ್ಲ, ತುಪ್ಪಳವೂ ಅಲ್ಲ. ಅವುಗಳ ಸಂದುಗಳಲ್ಲಿ ಅಲುಗಾಡದೆ ನಿಂತ ಗಾಳಿ.

ಇದಕ್ಕೆ ದೃಷ್ಟಾಂತವನ್ನು ಹುಡುಕಲು ನಮ್ಮವರು ದೂರ ಹೋಗಬೇಕಾಗಿಲ್ಲ. ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುವ ಕಾಯನ್ನು ನಾವು ಸುಲಿದಿಡುವುದಿಲ್ಲ, ಮಟ್ಟೆಸಹಿತವಾಗಿಯೇ ಇಡುತ್ತೇವೆ. ಹೊರಗೆ ಬಿಸಿಲು ಕಾದರೂ ಇರುಳು ತಣ್ಣಗಾದರೂ ಒಳಗಿನ ತಿರುಳಿಗೆ ಅದರ ಪೆಟ್ಟು ನೇರವಾಗಿ ತಾಗದು. ಮಟ್ಟೆಯ ನಾರುನಾರಿನ ನಡುವೆ ಗಾಳಿಯು ಸೆರೆಯಾಗಿರುವುದೇ ಅದಕ್ಕೆ ಕಾರಣ. ಮಾಘದ ಚಳಿಯಲ್ಲಿ ಮುಂಜಾನೆ ಹಿತ್ತಲ ಕೋಳಿಯು ಮೈಯುಬ್ಬಿಸಿಕೊಂಡು ಚೆಂಡಿನಂತೆ ಕುಳಿತಿರುವುದೂ ಇದೇ ತತ್ತ್ವದಿಂದ. ಅದು ತನ್ನ ತುಪ್ಪಳದ ಸಂದುಗಳಲ್ಲಿ ಗಾಳಿಯ ದಪ್ಪವನ್ನು ಹೆಚ್ಚಿಸಿಕೊಳ್ಳುತ್ತಿದೆ.

ಈಗ ಅದೇ ಮಟ್ಟೆಯನ್ನು ಕೆರೆಯಲ್ಲಿ ನೆನೆಹಾಕಿದರೆ ಏನಾಗುವುದು? ಗಾಳಿಯಿದ್ದ ಸಂದುಗಳಲ್ಲೆಲ್ಲ ನೀರು ತುಂಬುವುದು. ನೀರು ನಿಶ್ಚಲವಾದ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸತಕ್ಕದ್ದು. ಆದುದರಿಂದ ಒದ್ದೆಯಾದ ಬಟ್ಟೆಯು ಚಳಿಯನ್ನು ತಡೆಯುವುದಿರಲಿ, ಮೈಯ ಬಿಸಿಯನ್ನು ತಾನೇ ಹೊರಕ್ಕೆ ಸಾಗಹಾಕುತ್ತದೆ. ಈ ಎರಡು ಮಾತುಗಳನ್ನು, ಎಂದರೆ ನಿಂತ ಗಾಳಿಯೇ ರಕ್ಷಣೆ, ಒದ್ದೆಯೇ ವೈರಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಮುಂದಿನದೆಲ್ಲವೂ ಸುಲಭ.

ನಕ್ಕವರು ಆಮೇಲೆ ಬೇಡಿದ ಅಂಗಿ

ಪರ್ವತಾರೋಹಣದಲ್ಲಿ ತುಪ್ಪಳದ ಉಡುಪಿಗೆ ಮರ್ಯಾದೆ ದೊರೆತ ಬಗೆಯು ಸ್ವಾರಸ್ಯವಾಗಿದೆ. ೧೯೨೨ರಲ್ಲಿ ಎವರೆಸ್ಟನ್ನು ಏರಲು ಬಂದ ಬ್ರಿಟಿಷ್ ತಂಡದಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞನಿದ್ದನು. ಉಳಿದವರು ಉಣ್ಣೆಯ ಕೋಟುಗಳನ್ನು ತೊಟ್ಟು ಬಂದಿದ್ದರೆ, ಈತನು ಬೆಲೂನಿಗೆ ಬಳಸುವ ಬಟ್ಟೆಯೊಳಗೆ ಈಡರ್ ಎಂಬ ಕಡಲ ಬಾತಿನ ತುಪ್ಪಳವನ್ನು ತುಂಬಿಸಿ ಕೋಟು ಹೊಲಿಸಿಕೊಂಡು ಬಂದನು. ಮೊದಲು ಆ ಉಬ್ಬಿದ ಕೋಟನ್ನು ನೋಡಿ ನಕ್ಕವರು, ಎತ್ತರದ ಗಾಳಿ ಬೀಸತೊಡಗಿದ ಮೇಲೆ ಅದರ ಮೇಲೆ ಕಣ್ಣಿಟ್ಟರು. ಫಿಂಚನು ಜೆಫ್ರಿ ಬ್ರೂಸನೊಡನೆ ಆ ವರ್ಷ ೮,೩೦೦ ಮೀಟರಿಗೂ ಮೇಲೆ ಏರಿದನು. ಅದಕ್ಕೆ ಮುಂಚೆ ಮನುಷ್ಯರಾರೂ ಅಷ್ಟು ಎತ್ತರಕ್ಕೆ ಹತ್ತಿರಲಿಲ್ಲ. ಈತನೇ ಮುಂದೆ ೧೯೫೨ರಿಂದ ೧೯೫೭ರವರೆಗೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ನಿರ್ದೇಶಕನಾಗಿ ನಮ್ಮ ದೇಶದಲ್ಲಿಯೇ ಕೆಲಸ ಮಾಡಿದನೆಂಬುದು ಬಹುಜನರಿಗೆ ತಿಳಿಯದು. ಅಮೆರಿಕದಲ್ಲಿ ಎಡ್ಡಿ ಬಾಯರ್ ಎಂಬುವನು ಹೊಲಿಗೆ ಹಾಕಿದ ತುಪ್ಪಳದ ಕೋಟಿಗೆ ೧೯೪೦ರಲ್ಲಿ ಪೇಟೆಂಟ್ ಪಡೆದ ಬಳಿಕ ಅದು ಸಾಮಾನ್ಯರ ಅಂಗಡಿಗೂ ಬಂದಿತು.

ಫಿಂಚನಿಗೆ ಆ ಕೋಟು ಒಪ್ಪಿದುದು ಎವರೆಸ್ಟಿನ ಮೇಲ್ಭಾಗದ ಚಳಿಯು ಒಣಚಳಿಯಾದುದರಿಂದ. ಅಲ್ಲಿ ನೀರು ಹಿಮವಾಗಿರುತ್ತದೆ, ಮಳೆಯಾಗಿ ಬಟ್ಟೆಯೊಳಗೆ ಇಳಿಯುವುದಿಲ್ಲ. ನಮ್ಮ ಯಾತ್ರಿಕರು ಹೋಗುವ ಹಾದಿಯು ಎಂತಹುದೆಂದು ಈಗ ನೋಡೋಣ.

ಕೇದಾರದ ಹಾದಿ

ಕೇದಾರನಾಥಕ್ಕೂ ಕನ್ನಡನಾಡಿಗೂ ಇರುವ ಸಂಬಂಧವು ಹಳೆಯದು. ಅಲ್ಲಿಯ ರಾವಲರು, ಎಂದರೆ ಪ್ರಧಾನ ಅರ್ಚಕರು, ಕರ್ಣಾಟಕದ ವೀರಶೈವರಾಗಿರುವುದು ಸಂಪ್ರದಾಯ. ಚಳಿಗಾಲದಲ್ಲಿ ದೇವರ ಉತ್ಸವಮೂರ್ತಿಯನ್ನು ಬಿಜಯಮಾಡಿಸುವ ಊಖೀಮಠವು ಪಂಚಪೀಠಗಳಲ್ಲೊಂದು. ಹೀಗಿರುವುದರಿಂದ ಅಷ್ಟು ದೂರದ ಹಿಮದ ನಡುವೆಯೂ ನಮ್ಮ ಕಡೆಯ ಮುದುಕರಿಗೆ ಕನ್ನಡದ ಮಾತು ಕಿವಿಗೆ ಬೀಳುವುದುಂಟು.

ದೇವಾಲಯವಿರುವುದು ಸಮುದ್ರಮಟ್ಟದಿಂದ ೩,೫೮೩ ಮೀಟರ್ ಎತ್ತರದಲ್ಲಿ. ತಿಪಟೂರಿನ ಎತ್ತರ ಎಂಟುನೂರು ಮೀಟರಿಗೆ ಸ್ವಲ್ಪ ಮೇಲು. ಸಾವಿರ ಮೀಟರ್ ಏರಿದಂತೆಲ್ಲ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖವು ಇಳಿಯುವುದೆಂಬ ನಿಯಮದಂತೆ, ಎತ್ತರವೊಂದರಿಂದಲೇ ನಮ್ಮೂರಿಗೂ ಅಲ್ಲಿಗೂ ಹದಿನೇಳು ಹದಿನೆಂಟು ಡಿಗ್ರಿಗಳ ಅಂತರವಾಗುವುದು. ಇದು ಸ್ಥೂಲವಾದ ಲೆಕ್ಕ. ಗಾಳಿ ಬೀಸಿದಾಗ ಮೈಗೆ ತಾಗುವ ಚಳಿ ಇನ್ನೂ ತೀಕ್ಷ್ಣವಾಗಿರುತ್ತದೆ. ದೇವಾಲಯವು ತೆರೆಯುವ ವೈಶಾಖದ ದಿನಗಳಲ್ಲಿಯೂ ಮುಚ್ಚುವ ಮುಂಚಿನ ಆಶ್ವೀಜ ಕಾರ್ತಿಕಗಳಲ್ಲಿಯೂ ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಿರುವುದು.

ಗೌರೀಕುಂಡದಿಂದ ದೇವಾಲಯಕ್ಕೆ ಹಿಂದೆ ೧೪ ಕಿಲೋಮೀಟರ್ ನಡಿಗೆಯಿತ್ತು. ೨೦೧೩ರ ಜೂನ್ ತಿಂಗಳ ಪ್ರಳಯದಲ್ಲಿ ರಾಮಬಾಡವೆಂಬ ತಂಗುದಾಣವೇ ಕೊಚ್ಚಿಹೋದ ಮೇಲೆ ಹಾದಿಯನ್ನು ಬದಲಾಯಿಸಿ, ಈಗ ಅದು ಸುಮಾರು ೧೬ ಕಿಲೋಮೀಟರ್ ಆಗಿದೆ. ಏರು ಒಂದೂವರೆ ಸಾವಿರ ಮೀಟರಿಗೂ ಮೇಲೆ. ಗೌರೀಕುಂಡದಲ್ಲಿ ಹೊರಡುವಾಗ ಬೆವರು ಹರಿಯುವುದು. ಮಧ್ಯಾಹ್ನದ ಮೇಲೆ ಮೋಡ ಕವಿದು ಸೋನೆ ಹಿಡಿಯುವುದು. ಸಂಜೆ ದೇವಾಲಯದ ಬಯಲನ್ನು ಮುಟ್ಟುವಾಗ ಹಿಮದ ಗಾಳಿ ಎದುರಾಗುವುದು. ಬೆವರು, ಮಳೆ, ಹಿಮಗಾಳಿ ಈ ಮೂರನ್ನೂ ಒಂದೇ ದಿನದಲ್ಲಿ ಕಾಣಿಸುವ ಹಾದಿಯಿದು. ಇಲ್ಲಿಯ ಚಳಿಯು ಒದ್ದೆಚಳಿ.

ಕೈಲಾಸ-ಮಾನಸಸರೋವರದ ಯಾತ್ರೆಯು ಬೇರೆ ಬಗೆಯದು. ೨೦೨೦ರಿಂದ ನಿಂತಿದ್ದ ಆ ಯಾತ್ರೆಯು ೨೦೨೫ರಲ್ಲಿ ಮತ್ತೆ ಆರಂಭವಾಗಿದೆ. ಪರಿಕ್ರಮದಲ್ಲಿ ದಾಟಬೇಕಾದ ಡೋಲ್ಮಾ ಕಣಿವೆಯ ನೆತ್ತಿಯು ೫,೬೦೦ ಮೀಟರಿಗೂ ಎತ್ತರ. ಟಿಬೆಟ್ಟಿನ ಆ ಪ್ರಸ್ಥಭೂಮಿಯು ಹಿಮಾಲಯದ ಮಳೆನೆರಳಿನಲ್ಲಿರುವುದರಿಂದ ಅಲ್ಲಿ ಮಳೆ ಕಡಮೆ, ಗಾಳಿ ಹೆಚ್ಚು, ಚಳಿ ಒಣಚಳಿ. ಲಡಾಖೂ ಅಂತಹುದೇ. ಪುಷ್ಯ ಮಾಘಗಳಲ್ಲಿ ಬೆಂಗಳೂರಿನ ತರುಣರು ಹಿಮದ ಮೇಲೆ ನಡೆಯಲು ಹೋಗುವ ೩,೮೦೦ ಮೀಟರಿನ ಕೇದಾರಕಂಠವೂ ಆ ಋತುವಿನಲ್ಲಿ ಒಣಚಳಿಯ ವರ್ಗಕ್ಕೇ ಸೇರುವುದು.

ಇನ್ನು ನಮ್ಮ ನಾಡಿನ ಬೆಟ್ಟಗಳ ಮಾತು. ಕರ್ಣಾಟಕದಲ್ಲಿ ಅತ್ಯುನ್ನತವಾದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರಿಗಿಂತ ಕಡಮೆ. ಅಲ್ಲಿಗೂ, ದೇವರಾಯನದುರ್ಗ ಸಿದ್ಧರಬೆಟ್ಟಗಳಿಗೂ ತುಪ್ಪಳದ ಅಂಗಿಯನ್ನು ಕೊಳ್ಳುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಹೂಡಿದಂತೆ. ಒಂದು ಉಣ್ಣೆಯ ಸ್ವೆಟರು, ಗಾಳಿ ತಡೆಯುವ ಒಂದು ಮೇಲಂಗಿ ಧಾರಾಳವಾಗಿ ಸಾಕು.

ತುಪ್ಪಳವೋ, ನೂಲಿನ ತುಂಬುವೋ, ಉಣ್ಣೆಯೋ?

ಒಣಗಿದ್ದಾಗ ತುಪ್ಪಳಕ್ಕೆ ಸಮಾನವಾದುದು ಇಲ್ಲವೆಂದೇ ಹೇಳಬೇಕು. ಅಷ್ಟು ಹಗುರವಾಗಿ ಅಷ್ಟು ಗಾಳಿಯನ್ನು ಹಿಡಿಯುವ ವಸ್ತು ಬೇರೆಯಿಲ್ಲ. ಮಡಿಸಿದರೆ ಒಂದು ತೆಂಗಿನಕಾಯಿಯಷ್ಟು ಜಾಗದಲ್ಲಿ ಅಡಗುತ್ತದೆ. ಜೋಪಾನ ಮಾಡಿದರೆ ಅನೇಕ ವರ್ಷ ಬಾಳುತ್ತದೆ. ಆದರೆ ಒದ್ದೆಯಾಯಿತೋ, ಅದು ಮುದ್ದೆಯಾಗಿ ಅಂಟಿಕೊಂಡು ತನ್ನ ಗುಣವನ್ನೆಲ್ಲ ಕಳೆದುಕೊಳ್ಳುವುದು. ಬೆಟ್ಟದ ಮೇಲೆ ಅದನ್ನು ಒಣಗಿಸುವುದೂ ಕಷ್ಟ. ನೀರು ಹೀರದಂತೆ ಸಂಸ್ಕರಿಸಿದ ತುಪ್ಪಳವೂ ಈಗ ಬರುತ್ತದೆ. ಅದು ತೊಯ್ಯುವುದನ್ನು ತಡಮಾಡುವುದೇ ಹೊರತು ನಿಲ್ಲಿಸಲಾರದು.

ಎರಡನೆಯದು ಪಾಲಿಯೆಸ್ಟರಿನ ಅತಿ ಸೂಕ್ಷ್ಮವಾದ ಎಳೆಗಳಿಂದ ಮಾಡಿದ ತುಂಬು. ಯುದ್ಧಭೂಮಿಯಲ್ಲಿ ತೊಯ್ದ ತುಪ್ಪಳವು ನಿರುಪಯೋಗವಾಗುವುದನ್ನು ಕಂಡು ಅಮೆರಿಕದ ಸೇನೆಯು ಬದಲಿ ವಸ್ತುವನ್ನು ಕೇಳಿದಾಗ, ೧೯೮೦ರ ದಶಕದಲ್ಲಿ ಪ್ರೈಮಾಲಾಫ್ಟ್ ಎಂಬುದು ಸಿದ್ಧವಾಯಿತು. ಈಗ ಅಂತಹವು ಹಲವು ಹೆಸರಿನಲ್ಲಿ ದೊರೆಯುತ್ತವೆ. ಅಷ್ಟೇ ಬೆಚ್ಚಗಿರಬೇಕಾದರೆ ಇದು ತುಪ್ಪಳಕ್ಕಿಂತ ಭಾರ, ಗಾತ್ರವೂ ಹೆಚ್ಚು, ಬಾಳಿಕೆ ಕಡಮೆ. ಆದರೆ ಒದ್ದೆಯಾದರೂ ತನ್ನ ಗುಣದಲ್ಲಿ ಒಂದು ಪಾಲನ್ನು ಉಳಿಸಿಕೊಳ್ಳುವುದು, ಬೇಗ ಒಣಗುವುದು, ಮನೆಯಲ್ಲಿಯೇ ಒಗೆಯಬಹುದು, ಕ್ರಯವೂ ಸಾಮಾನ್ಯವಾಗಿ ಕಡಮೆ.

ಮೂರನೆಯದು ಅಜ್ಜಿಯ ಉಣ್ಣೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಉಣ್ಣೆಯು ಮೈಗೆ ಒದ್ದೆಯೆನಿಸದು. ಹುಣಸೆಬೀಜದ ಸರಿ ಹಾಕಿ ನಮ್ಮ ಸೀಮೆಯ ಕುರುಬರು ನೆಯ್ಯುವ ಕರಿಯ ಕಂಬಳಿಯನ್ನು ಗೊಪ್ಪೆ ಹಾಕಿಕೊಂಡು ಕುರಿಕಾಯುವವರು ಸೋನೆಮಳೆಯಲ್ಲಿ ಇಡೀ ದಿನ ನಿಲ್ಲುವುದನ್ನು ಯಾರು ನೋಡಿಲ್ಲ? ಅದರ ದೋಷವೆಂದರೆ ಭಾರವೊಂದೇ. ಹದಿನಾರು ಕಿಲೋಮೀಟರ್ ಏರುವ ಅರುವತ್ತರ ಹೆಗಲಿಗೆ ಆ ಭಾರವು ಸಣ್ಣ ಮಾತಲ್ಲ.

ಆದುದರಿಂದ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಕೇದಾರಕ್ಕೆ ಹೋಗುವ ಹಿರಿಯರು ಮೈಗೆ ತೆಳುವಾದ ಉಣ್ಣೆಯ ಒಳಂಗಿಯನ್ನೂ, ಅದರ ಮೇಲೆ ಪಾಲಿಯೆಸ್ಟರ್ ತುಂಬಿದ ತೋಳಿಲ್ಲದ ಅಂಗಿಯನ್ನೂ, ಎಲ್ಲದರ ಮೇಲೆ ಸಡಿಲವಾದ ಮಳೆಯಂಗಿಯನ್ನೂ ತೊಡತಕ್ಕದ್ದು. ಹತ್ತಿಯ ಬನಿಯನ್ನು ಮನೆಯಲ್ಲಿಯೇ ಬಿಡತಕ್ಕದ್ದು. ಬೆವರನ್ನು ಕುಡಿದ ಹತ್ತಿಯು ಸಂಜೆಯ ಗಾಳಿಗೆ ಮೈಮೇಲೆ ಮಂಜುಗಡ್ಡೆಯಂತಾಗುವುದು. ಕೈಲಾಸಕ್ಕೋ ಲಡಾಖಿಗೋ ಚಳಿಗಾಲದ ಹಿಮದ ನಡಿಗೆಗೋ ಹೋಗುವವರು ನಿಜವಾದ ತುಪ್ಪಳವನ್ನು ಕೊಳ್ಳಲಿ. ಅಲ್ಲಿ ಅದು ಕೊಟ್ಟ ಹಣಕ್ಕೆ ಮೋಸ ಮಾಡದು. ಒಮ್ಮೆಯೇ ಹೋಗಿಬರುವವರು ಕೊಳ್ಳಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿಯೂ ಹಿಮಾಲಯದ ತಪ್ಪಲಿನ ಊರುಗಳಲ್ಲಿಯೂ ಇಂತಹ ಉಡುಪುಗಳು ಬಾಡಿಗೆಗೆ ದೊರೆಯುತ್ತವೆ. ಹಾಸಿಗೆ ಇದ್ದಷ್ಟೇ ಕಾಲು ಚಾಚುವುದು ಯಾತ್ರೆಯಲ್ಲಿಯೂ ಧರ್ಮವೇ.

ತೋಳಿಲ್ಲದುದೇ ಏಕೆಂದು ಕೆಲವರು ಕೇಳಬಹುದು. ಹೃದಯ, ಶ್ವಾಸಕೋಶ, ಯಕೃತ್ತು ಇರುವ ಮುಂಡವು ಬೆಚ್ಚಗಿದ್ದರೆ ದೇಹವು ಕೈಕಾಲುಗಳಿಗೂ ಬಿಸಿರಕ್ತವನ್ನು ಧಾರಾಳವಾಗಿ ಕಳುಹಿಸುವುದು. ಊರುಗೋಲು ಹಿಡಿದ ಕೈಗೆ ಅಡ್ಡಿಯಿಲ್ಲ. ಕಂಕುಳಿನಿಂದ ಬೆವರಿನ ಆವಿಯೂ ಹೊರಹೋಗುವುದು. ಆದರೆ ರಾತ್ರಿ ಶೂನ್ಯಕ್ಕಿಂತ ಬಹಳ ಕೆಳಗಿಳಿಯುವ ಕೈಲಾಸ, ಕೇದಾರಕಂಠಗಳಂತಹ ಸ್ಥಳಗಳಲ್ಲಿ ತೋಳಿಲ್ಲದುದೊಂದನ್ನೇ ನಂಬತಕ್ಕದ್ದಲ್ಲ. ಅಲ್ಲಿ ಪೂರ್ತಿ ತೋಳಿನ, ತಲೆಮುಸುಕುಳ್ಳ ಕೋಟೇ ಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ

ತುಪ್ಪಳದ ಅಂಗಿಗಳ ಚೀಟಿಯ ಮೇಲೆ ೬೦೦, ೭೦೦, ೮೦೦ ಎಂಬಂತಹ ಒಂದು ಅಂಕಿ ಇರುತ್ತದೆ. ಇದನ್ನು ಫಿಲ್ ಪವರ್ ಎನ್ನುತ್ತಾರೆ. ಒಂದು ಔನ್ಸು, ಎಂದರೆ ಸುಮಾರು ೨೮ ಗ್ರಾಂ ತುಪ್ಪಳವು ಅರಳಿದಾಗ ಎಷ್ಟು ಘನ ಅಂಗುಲಗಳ ಜಾಗವನ್ನು ತುಂಬುವುದೆಂಬ ಲೆಕ್ಕವದು. ೬೦೦ ಎಂದರೆ ಹೆಚ್ಚುಕಡಮೆ ಹತ್ತು ಲೀಟರು, ಒಂದು ಸಣ್ಣ ಬಿಂದಿಗೆಯಷ್ಟು ಗಾಳಿ! ಅಂಕಿ ಹೆಚ್ಚಿದಂತೆ ಕ್ರಯವೂ ಹೆಚ್ಚುವುದು. ಆದರೆ ಇಲ್ಲಿಯೇ ಕೊಳ್ಳುವವನು ಎಚ್ಚರದಿಂದಿರಬೇಕು. ಆ ಅಂಕಿಯು ತುಪ್ಪಳದ ಗುಣವನ್ನು ಹೇಳುವುದೇ ವಿನಾ ಎಷ್ಟು ತುಂಬಿದ್ದಾರೆಂಬುದನ್ನು ಹೇಳದು. ತುಂಬಿದ ತೂಕವನ್ನೂ ಕೇಳಿ ತಿಳಿದು ಎರಡನ್ನೂ ಗುಣಿಸಿ ನೋಡಬೇಕು. ೮೦೦ರ ತುಪ್ಪಳವನ್ನು ೬೦ ಗ್ರಾಂ ತುಂಬಿದ ಅಂಗಿಗೆ ಗುಣಲಬ್ಧ ೪೮,೦೦೦. ೬೦೦ರ ತುಪ್ಪಳವನ್ನು ೧೦೦ ಗ್ರಾಂ ತುಂಬಿದುದಕ್ಕೆ ೬೦,೦೦೦. ಅಳತೆಯೂ ಹೊಲಿಗೆಯೂ ಒಂದೇ ಆಗಿದ್ದರೆ ಎರಡನೆಯದೇ ಹೆಚ್ಚು ಬೆಚ್ಚಗಿನದು. ನಾಲ್ಕನೆಯ ತರಗತಿಯ ಬಾಲಕನೂ ಮಾಡಬಲ್ಲ ಈ ಗುಣಾಕಾರವನ್ನು ಮಾಡದೆ ದೊಡ್ಡ ಅಂಕಿಗೆ ಮರುಳಾಗಿ ಹಣ ಕಳೆಯುವವರು ಬಹಳ ಮಂದಿ.

ಚೀಟಿಯಲ್ಲಿ ೯೦/೧೦ ಅಥವಾ ೮೦/೨೦ ಎಂದಿದ್ದರೆ ಮೊದಲನೆಯ ಅಂಕಿ ತುಪ್ಪಳದ ಪಾಲು, ಎರಡನೆಯದು ಕಡ್ಡಿಗರಿಯ ಪಾಲು. ತುಪ್ಪಳವೆಂದು ಹೇಳಿ ಈ ಪ್ರಮಾಣವನ್ನೇ ಬರೆಯದ ಅಗ್ಗದ ಸರಕನ್ನು ಮುಟ್ಟದಿರುವುದೇ ಲೇಸು. ಬಳಿಕ ಕೈಯ ಪರೀಕ್ಷೆ. ಅಂಗಿಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಅದು ತಡಮಾಡದೆ ಮತ್ತೆ ಅರಳಬೇಕು. ಬೆರಳುಗಳಿಂದ ಸವರಿ, ಕಡ್ಡಿಗಳು ಚುಚ್ಚಿದರೆ ಗರಿ ಹೆಚ್ಚಿದೆಯೆಂದು ತಿಳಿಯಿರಿ. ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ಮನೆಗಳಲ್ಲಿ ಬರಿದಾದ ಮೂಲೆಗಳು ಕಾಣಬಾರದು. ಹೊಲಿಗೆಯ ಸಾಲಿನಲ್ಲಿ ತುಪ್ಪಳದ ಎಳೆಗಳು ಇಣುಕುತ್ತಿದ್ದರೆ ಬಟ್ಟೆಯ ನೇಯ್ಗೆ ಸಡಿಲವೆಂದು ಅರ್ಥ.

ತೊಟ್ಟು ನೋಡುವಾಗ ಬರಿಯ ಶರಟಿನ ಮೇಲೆ ತೊಡದೆ, ಯಾತ್ರೆಯಲ್ಲಿ ಒಳಗೆ ತೊಡುವ ಉಣ್ಣೆಯಂಗಿಯ ಮೇಲೆಯೇ ತೊಟ್ಟು ನೋಡಬೇಕು. ಬಿಗಿಯಾದರೆ ತುಂಬು ಅದುಮಿಹೋಗಿ ಗಾಳಿಗೆ ಎಡೆಯಿಲ್ಲದಾಗುವುದು. ತೀರ ಸಡಿಲವಾದರೆ ಕೆಳಗಿನಿಂದ ಗಾಳಿ ನುಗ್ಗುವುದು. ಎರಡು ಕೈಗಳನ್ನೂ ಮೇಲಕ್ಕೆತ್ತಿದಾಗ ಸೊಂಟವು ಬಯಲಾಗಬಾರದು. ಕತ್ತಿನ ಪಟ್ಟಿ ಗದ್ದದವರೆಗೆ ಬರಬೇಕು. ಚಳಿಗೆ ಜೋಮು ಹಿಡಿದ ಬೆರಳುಗಳಿಗೂ ಎಟುಕುವಂತೆ ಜಿಪ್ಪಿನ ಹಿಡಿ ದೊಡ್ಡದಾಗಿರಬೇಕು. ವೃದ್ಧರಿಗೆ ಇದು ಮುಖ್ಯ. ಮಳೆಯಂಗಿಯನ್ನು ಇದರ ಮೇಲೆ ತೊಡುವಷ್ಟು ದೊಡ್ಡದಾಗಿ ಕೊಳ್ಳಬೇಕು.

ಹಕ್ಕಿಯ ಪ್ರಶ್ನೆ

ಒಂದು ದಿನ ನಮ್ಮೂರಿನ ವೃದ್ಧೆಯೊಬ್ಬರು ಕೇಳಿದರು: “ಮೇಷ್ಟ್ರೇ, ಪ್ರಾಣಿಯ ಮೈಮೇಲಿಂದ ಕಿತ್ತದ್ದನ್ನು ತೊಟ್ಟುಕೊಂಡು ಸ್ವಾಮಿಯ ಮುಂದೆ ನಿಂತುಕೊಳ್ಳಬಹುದೆ?” ಪ್ರಶ್ನೆಯು ಲಘುವಾದುದಲ್ಲ. “ಅಮ್ಮಾ, ಅದು ಹೇಗೆ ಬಂತು ಎಂಬುದನ್ನು ತಿಳಿದು ನೀವೇ ತೀರ್ಮಾನಿಸಬೇಕು” ಎಂದೆವು. ತಿಳಿಯತಕ್ಕದ್ದು ಇಷ್ಟು.

ಅಂಗಡಿಗೆ ಬರುವ ತುಪ್ಪಳದಲ್ಲಿ ಬಹುಪಾಲು ಮಾಂಸಕ್ಕಾಗಿ ಸಾಕಿದ ಬಾತುಗಳದು. ಕೆಲವೆಡೆ ಜೀವಂತವಾದ ಹಕ್ಕಿಯಿಂದಲೇ ಕೀಳುವ ಕ್ರೂರವಾದ ಪದ್ಧತಿಯಿದ್ದುದು ಬಯಲಾಗಿ, ಹಾಗೆ ಕಿತ್ತದ್ದಲ್ಲವೆಂದು ತಪಾಸಣೆ ಮಾಡಿ ಮುದ್ರೆ ಹಾಕುವ ಆರ್.ಡಿ.ಎಸ್. ಎಂಬ ವ್ಯವಸ್ಥೆ ೨೦೧೪ರಲ್ಲಿ ಆರಂಭವಾಯಿತು. ಕೊಳ್ಳುವವರು ಆ ಮುದ್ರೆಯಿದೆಯೇ ಎಂದು ನೋಡಲೇಬೇಕು. ಐಸ್‌ಲೆಂಡಿನಲ್ಲಿ ಮಾತ್ರ ಬೇರೆ ಪದ್ಧತಿಯುಂಟು. ಅಲ್ಲಿಯ ಈಡರ್ ಬಾತು ಮೊಟ್ಟೆಗಳನ್ನು ಬೆಚ್ಚಗಿಡಲು ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಗೂಡಿಗೆ ಹಾಸುವುದು. ರೈತರು ಆ ಗೂಡುಗಳಿಂದ ಅದನ್ನು ಆಯ್ದುಕೊಳ್ಳುತ್ತಾರೆ. ಒಂದು ಕಿಲೋ ಕೂಡಿಸಲು ಸುಮಾರು ೬೦ ಗೂಡುಗಳು ಬೇಕಾಗುವುದರಿಂದ ಅದರ ಬೆಲೆಯು ಶ್ರೀಮಂತರಿಗೂ ಭಾರ.

ಮುದ್ರೆಯಿದ್ದರೂ ಮನಸ್ಸು ಒಪ್ಪದವರು ಚಿಂತಿಸಬೇಕಾಗಿಲ್ಲ. ಕೇದಾರದಂತಹ ಒದ್ದೆಚಳಿಗೆ ಪಾಲಿಯೆಸ್ಟರಿನ ತುಂಬೇ ಉತ್ತಮವೆಂದು ಮೇಲೆ ಹೇಳಿದೆವಷ್ಟೆ. ಇಲ್ಲಿ ಅಹಿಂಸೆಯ ದಾರಿಯೂ ಆರೋಗ್ಯದ ದಾರಿಯೂ ಒಂದೇ ಆಗಿರುವುದು ಆ ಹಿರಿಯರ ಭಾಗ್ಯ.

ತೊಡುವ ಕಾಲ, ಕಳೆಯುವ ಕಾಲ

ಒಳ್ಳೆಯ ಅಂಗಿಯನ್ನು ಕೊಂಡೂ ಕೆಡುವವರುಂಟು. ಬೆಳಗ್ಗೆ ಹೊರಡುವಾಗ ಚಳಿಯೆಂದು ತೊಟ್ಟು, ಏರುವಾಗಲೂ ಬಿಚ್ಚದೆ, ಒಳಗಿನಿಂದಲೇ ಬೆವರಿನಲ್ಲಿ ತೊಯ್ದುಹೋಗುತ್ತಾರೆ. ನಿಯಮವು ಇದಕ್ಕೆ ವಿಪರೀತ. ಹತ್ತುವಾಗ ಕಳೆದು ಚೀಲದಲ್ಲಿಡಿ; ನಿಂತೊಡನೆ, ಚಳಿ ತಾಗುವ ಮುಂಚೆಯೇ ತೊಡಿ. ಚೀಲದೊಳಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ತಂಗುವ ಸ್ಥಳದಲ್ಲಿ ಬದಲಿಸಲು ಒಂದು ಜೊತೆ ಒಣಬಟ್ಟೆಯನ್ನು ಪ್ರಾಣದಂತೆ ಕಾಪಾಡಿಕೊಳ್ಳಿ. ಕೆಂಡದ ಹತ್ತಿರ ಕುಳಿತಾಗ ಎಚ್ಚರವಿರಲಿ. ಒಂದು ಕಿಡಿಯು ನೈಲಾನ್ ಬಟ್ಟೆಯಲ್ಲಿ ತೂತು ಮಾಡಲು ಸಾಕು.

ನಮ್ಮ ಆಚಾರವಂತರಿಗೆ ಒಂದು ಮಾತು. ಕ್ಷೇತ್ರದಲ್ಲಿ ತಣ್ಣೀರು 
ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿಯೇ ದರ್ಶನಕ್ಕೆ ನಿಲ್ಲಬೇಕೆಂಬ ಛಲವು ಆ ಎತ್ತರದಲ್ಲಿ ಅಪಾಯಕರವಾದುದು. ಉಣ್ಣೆಯನ್ನು ಮಡಿಗೆ ಅರ್ಹವೆಂದು ನಮ್ಮ ಹಿರಿಯರೇ ಒಪ್ಪಿದ್ದಾರೆ. ಮನೆಮನೆಗಳಲ್ಲಿ ಮಡಿಗೆಂದು ಧಾಬಳಿಯನ್ನು ಇಟ್ಟಿರುತ್ತಿದ್ದುದು ಅದಕ್ಕಾಗಿಯೇ. ಒಣಗಿದ ಧಾಬಳಿಯನ್ನು ಉಟ್ಟು ಹೊದೆದು ದೇವರ ಮುಂದೆ ನಿಂತರೆ ಶಾಸ್ತ್ರಕ್ಕೂ ಲೋಪವಿಲ್ಲ, ದೇಹಕ್ಕೂ ಹಾನಿಯಿಲ್ಲ.

ದೇಹದ ಒಳಶಾಖವು ೩೫ ಡಿಗ್ರಿಗಿಂತ ಇಳಿಯುವುದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹೆಪ್ಪುಗಟ್ಟುವ ಚಳಿಯೇ ಬೇಕೆಂದಿಲ್ಲ. ಒದ್ದೆಬಟ್ಟೆಯೂ ಗಾಳಿಯೂ ಕೂಡಿದರೆ ಸಾಕು. ವೃದ್ಧರಲ್ಲಿ ಶಾಖವನ್ನು ಉತ್ಪಾದಿಸುವ ಶಕ್ತಿಯೂ ಚಳಿಯನ್ನು ಅರಿಯುವ ಶಕ್ತಿಯೂ ಕುಂದಿರುವುದರಿಂದ ಅವರು ಬಾಯಿಬಿಟ್ಟು ಹೇಳುವುದರೊಳಗೆ ಕಾಲ ಮಿಂಚಿರುತ್ತದೆ. ತಡೆಯಲಾಗದ ನಡುಕ, ತೊದಲುವ ಮಾತು, ತಪ್ಪುವ ಹೆಜ್ಜೆ, ಮಂಕುತನ ಇವು ಲಕ್ಷಣಗಳು. ನಡುಗುತ್ತಿದ್ದವರ ನಡುಕವು ಮೈ ಬೆಚ್ಚಗಾಗದೆಯೇ ನಿಂತುಹೋದರೆ ಸುಧಾರಿಸಿತೆಂದು ಸಮಾಧಾನಪಡಬಾರದು, ಅಪಾಯವು ಹೆಚ್ಚಿತೆಂದು ತಿಳಿಯಬೇಕು. ಕೂಡಲೇ ಗಾಳಿಯ ಮರೆಗೆ ಕರೆದೊಯ್ದು, ಒದ್ದೆಯನ್ನೆಲ್ಲ ಕಳಚಿ, ಒಣಬಟ್ಟೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿಪಾನೀಯವನ್ನು ಕೊಟ್ಟು ವೈದ್ಯರನ್ನು ಕರೆಯಬೇಕು. ತಲೆನೋವು, ವಾಂತಿ, ಉಸಿರಾಟದ ಕಷ್ಟಗಳು ಎತ್ತರದಿಂದ ಬರುವ ಬೇರೆಯ ಬೇನೆಯಾಗಿರಬಹುದು. ಅದಕ್ಕೆ ಯಾವ ಅಂಗಿಯೂ ಮದ್ದಲ್ಲ, ಕೆಳಗಿಳಿಯುವುದೇ ಮದ್ದು.

ಮನೆಗೆ ಬಂದ ಮೇಲೆ

ತುಪ್ಪಳದ ಅಂಗಿಯನ್ನು ಪ್ರಯಾಣದಲ್ಲಿ ಅದುಮಿ ಕಟ್ಟಿದಂತೆ ಮನೆಯಲ್ಲಿ ಕಟ್ಟಿಡಬಾರದು. ಸಡಿಲವಾದ ಬಟ್ಟೆಯ ಚೀಲದಲ್ಲಿ ತೂಗುಹಾಕಬೇಕು. ನಮ್ಮವರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರಾದುದರಿಂದ ಕತ್ತಿನ ಪಟ್ಟಿಗೆ ಜಿಡ್ಡು ತಗಲುವುದು ಖಂಡಿತ. ಜಿಡ್ಡು ಒಳಕ್ಕಿಳಿದರೆ ತುಪ್ಪಳವು ಅಂಟಿಕೊಂಡು ಅರಳದು. ಆದುದರಿಂದ ಕತ್ತಿಗೆ ಒಂದು ವಸ್ತ್ರವನ್ನು ಸುತ್ತಿ ಬಳಿಕ ತೊಡುವುದು ಲೇಸು. ಒಗೆಯಲೇಬೇಕಾದರೆ ಖಾರವಾದ ಸಾಬೂನುಪುಡಿ ಬೇಡ. ಮೃದುವಾದ ಸಾಬೂನಿನ ನೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತ ಪೂರ್ತಿ ಒಣಗಿಸಬೇಕು. ಅರೆ ಒಣಗಿದುದನ್ನು ಪೆಟ್ಟಿಗೆಗೆ ಹಾಕಿದರೆ ಬೂಷ್ಟು ಹಿಡಿದು ನಾರುವುದು. ಮಳೆಗಾಲ ಕಳೆದ ಮೇಲೆ ಒಂದು ದಿನ ಎಳೆಬಿಸಿಲು ಕಾಣಿಸಿ, ರೇಷ್ಮೆ ಸೀರೆಯ ನಡುವೆ ಇಡುವಂತೆ ಒಣಗಿದ ಬೇವಿನ ಸೊಪ್ಪನ್ನು ಇಟ್ಟರೆ ಹುಳುಗಳ ಕಾಟ ತಗ್ಗುವುದು.

ಒಂದು ಮನೆಗೆ ಇಂತಹುದೊಂದು ಅಂಗಿ ಬಂದರೆ ಅದು ತಂದೆಯಿಂದ ಮಗನಿಗೆ, ಅಕ್ಕನಿಂದ ತಮ್ಮನಿಗೆ ಯಾತ್ರೆಯಿಂದ ಯಾತ್ರೆಗೆ ಸಾಗಬಹುದು. ಆದುದರಿಂದ ಕೊಳ್ಳುವ ಮುಂಚೆ ‘ಎಷ್ಟು ಬೆಲೆ?’ ಎಂದು ಕೇಳುವುದಕ್ಕಿಂತ ‘ನಾವು ಹೋಗುವೆಡೆ ಒಣಚಳಿಯೋ ಒದ್ದೆಚಳಿಯೋ?’ ಎಂದು ಮೊದಲು ಕೇಳಿಕೊಳ್ಳಿ. ಆ ಪ್ರಶ್ನೆಗೆ ಉತ್ತರ ದೊರೆತರೆ, ಯಾವ ಅಂಗಡಿಯವನೂ ನಿಮಗೆ ಬೇಡದ ವಸ್ತುವನ್ನು ಮಾರಲಾರನು. ಮನೆಯ ಹಿರಿಯರು ದರ್ಶನ ಮುಗಿಸಿ ಕ್ಷೇಮವಾಗಿ ಹೊಸ್ತಿಲು ತುಳಿಯುವರು.